ಓಡುವ ಯಂತ್ರದ ಡಾಕ್ಟರ್

ಮಾರ್ಚ್ ಒಂಬತ್ತು, ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಠಾಣೆಗೆ ಬಂದ ಬೀಗ ರಿಪೇರಿಯವನು ಬೆಂಚಿನ ಮೇಲೆ ಕೂರಲಿಲ್ಲ. ನಿಂತೇ ತನ್ನ ಫೋನನ್ನು ದಫೇದಾರರ ಮೇಜಿನ ಮೇಲಿಟ್ಟ. ಪರದೆಯ ಮೇಲೆ ಒಂದೇ ನಂಬರಿಗೆ ಮಾಡಿದ ಹನ್ನೊಂದು ಕರೆಗಳಿದ್ದವು. ಮೊದಲನೆಯದು ಶುಕ್ರವಾರ ಬೆಳಿಗ್ಗೆ ಹತ್ತು ಇಪ್ಪತ್ತನಾಲ್ಕಕ್ಕೆ, ಕೊನೆಯದು ಹನ್ನೊಂದು ಗಂಟೆ ಎರಡು ನಿಮಿಷಕ್ಕೆ. ನಂಬರು ಆಂಬುಲೆನ್ಸಿನ ತುರ್ತು ಕರೆ ಕೇಂದ್ರದ್ದು.

"ಯಾರ ಮೇಲೆ ದೂರು?" ದಫೇದಾರರು ಕೇಳಿದರು.

"ಗೊತ್ತಿಲ್ಲ ಸರ್. ಯಾರು ಫೋನ್ ಎತ್ತಬೇಕಿತ್ತೋ ಅವರ ಮೇಲೆ."

ಅವನ ಹೆಂಡತಿಗೆ ಉಬ್ಬಸವಿತ್ತು. ಶುಕ್ರವಾರ ಉಸಿರು ಕಟ್ಟಿದಾಗ ಅವನು ಒಂದು ಕೈಯಲ್ಲಿ ಅವಳ ಬೆನ್ನು ನೀವುತ್ತ ಇನ್ನೊಂದು ಕೈಯಲ್ಲಿ ಡಯಲ್ ಮಾಡುತ್ತಲೇ ಇದ್ದ. ಪ್ರತಿ ಸಲವೂ ರಿಂಗ್ ಆಗುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ಕಡೆಗೆ ಪಕ್ಕದ ಮನೆಯವರ ತರಕಾರಿ ವ್ಯಾನಿನಲ್ಲಿ ಮಲಗಿಸಿಕೊಂಡು ಹೊರಟ. ಆಸ್ಪತ್ರೆಯ ಗೇಟು ಕಾಣಿಸುವ ಹೊತ್ತಿಗೆ ಅವಳು ಉಸಿರಾಡುತ್ತಿರಲಿಲ್ಲ. ಅವಳಿಗೆ ಮೂವತ್ತೆಂಟು ವರ್ಷ.

"ಇಪ್ಪತ್ತು ನಿಮಿಷ ಮುಂಚೆ ಬಂದಿದ್ರೆ ಅಂತ ಡಾಕ್ಟರು ಅಂದ್ರು."

ಒಳಗಿನ ಕೋಣೆಯಿಂದ ಇದನ್ನು ಕೇಳಿಸಿಕೊಳ್ಳುತ್ತಿದ್ದ ಇನ್‌ಸ್ಪೆಕ್ಟರ್ ಎದ್ದು ಬಂದರು. ಹತ್ತೊಂಬತ್ತು ವರ್ಷ ಸರ್ವಿಸು ಮಾಡಿದ ಹೆಂಗಸು, ಮಾತು ಕಮ್ಮಿ. ಫೋನನ್ನು ಕೈಗೆತ್ತಿಕೊಂಡು ಹನ್ನೊಂದೂ ಸಮಯಗಳನ್ನು ತಾವೇ ಕಾಗದದ ಮೇಲೆ ಬರೆದುಕೊಂಡರು. ನಿರ್ಲಕ್ಷ್ಯದಿಂದ ಸಾವು, ಆರೋಪಿ ಅಪರಿಚಿತ ಎಂದು ಎಫ್‌ಐಆರ್ ದಾಖಲಾದಾಗ ಗಂಟೆ ಹನ್ನೆರಡಾಗಿತ್ತು.

ಹನ್ನೆರಡೂ ಮುಕ್ಕಾಲಿಗೆ ಇನ್‌ಸ್ಪೆಕ್ಟರ್ ಕರೆ ಕೇಂದ್ರಕ್ಕೆ ಹೋದರು. ಜೊತೆಗೆ ಠಾಣೆಯಲ್ಲಿ ಎಲ್ಲರೂ ಉದ್ದಣ್ಣ ಎಂದೇ ಕರೆಯುವ ಕಾನ್‌ಸ್ಟೆಬಲ್. ಅವನು ಯಾವ ಬಾಗಿಲಲ್ಲಿ ಹೋದರೂ ತಲೆ ತಗ್ಗಿಸಲೇಬೇಕು. ಅದಕ್ಕೇ ತನ್ನಷ್ಟು ವಿನಯವಂತ ಇಲಾಖೆಯಲ್ಲೇ ಇಲ್ಲ ಎಂದು ಹೇಳಿಕೊಳ್ಳುತ್ತಿದ್ದ.

ಕೇಂದ್ರದ ನಿರ್ದೇಶಕ ನಗುನಗುತ್ತಲೇ ಎದುರುಗೊಂಡ. ಸಾವಿನ ವಿಷಯ ಹೇಳಿದಾಗ ನಗು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

"ಶುಕ್ರವಾರ ಸ್ವಲ್ಪ ಹೊತ್ತು ತೊಂದರೆ ಆಗಿತ್ತು ಮೇಡಂ, ನಿಜ. ಆದ್ರೆ ಆರು ವರ್ಷದಿಂದ ನಮ್ಮ ಸರ್ವರ್ ಒಂದು ಸಲವೂ ನಿಂತಿಲ್ಲ. ಬೇಕಾದ್ರೆ ನೋಡಿ."

ಅವನು ತೋರಿಸಿದ್ದು ಗಾಜಿನ ಗೋಡೆಯ ಆಚೆಗಿನ ಕೋಣೆ. ಒಳಗೆ ಬೀರುವಿನಷ್ಟು ಎತ್ತರದ ಕಪ್ಪು ಯಂತ್ರ. ಊರಿನ ಎಲ್ಲ ತುರ್ತು ಕರೆಗಳೂ ಅದರ ಮೂಲಕವೇ ಹಾದು ಸಿಬ್ಬಂದಿಯ ಕಿವಿಗೆ ಬರುತ್ತವೆ. ಅದರ ಕೆಲಸವನ್ನು ಎರಡು ದೊಡ್ಡ ಬೋರ್ಡುಗಳು ಹಂಚಿಕೊಂಡಿರುತ್ತವೆ. ಒಂದು ಕೆಟ್ಟರೆ ಇನ್ನೊಂದು ನಡೆಸಿಕೊಂಡು ಹೋಗುತ್ತದೆ, ಆದರೆ ಅರ್ಧ ಕರೆಗಳನ್ನು ಮಾತ್ರ. ಉಳಿದ ಅರ್ಧ ಜನರಿಗೆ ಬರೀ ರಿಂಗ್ ಕೇಳಿಸುತ್ತದೆ. ಯಂತ್ರವನ್ನು ಆರಿಸಿದರೆ ಆ ಅರ್ಧವೂ ಹೋಯಿತು. ಹಾಗಾಗಿ ಕೆಟ್ಟ ಬೋರ್ಡನ್ನು ಯಂತ್ರ ಓಡುತ್ತಿರುವಾಗಲೇ ಎಳೆದು ತೆಗೆದು, ಹೊಸದನ್ನು ಕೂರಿಸಬೇಕು.

"ನಿಂತ ಯಂತ್ರ ಯಾರು ಬೇಕಾದ್ರೂ ರಿಪೇರಿ ಮಾಡ್ತಾರೆ. ಓಡ್ತಿರೋದನ್ನ ಮುಟ್ಟೋಕೆ ಗುಂಡಿಗೆ ಬೇಕು. ನಮ್ಮ ಸರ್ವಿಸ್ ಎಂಜಿನಿಯರಿಗೆ ಇಲ್ಲಿ ಎಲ್ಲರೂ ಡಾಕ್ಟರ್ ಅಂತಾನೇ ಕರೆಯೋದು."

ನಿರ್ದೇಶಕ ತನ್ನ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದ. ಐವತ್ತು ದಾಟಿದ, ತಲೆ ನೀಟಾಗಿ ಬಾಚಿದ ಒಬ್ಬ ಮನುಷ್ಯ, ಮೈಯ ವಿದ್ಯುತ್ ಬೋರ್ಡಿಗೆ ತಾಗದಂತೆ ಮಣಿಕಟ್ಟಿಗೆ ತಂತಿಯ ಪಟ್ಟಿ ಕಟ್ಟಿಕೊಂಡು, ಎರಡು ಹಿಡಿಗಳನ್ನು ಒಟ್ಟಿಗೆ ಬಿಚ್ಚಿ, ಉಸಿರು ಬಿಗಿಹಿಡಿದು ಬೋರ್ಡನ್ನು ಹೊರಕ್ಕೆಳೆಯುತ್ತಾನೆ. ಹೊಸದು ಒಳಗೆ ಹೋಗುತ್ತದೆ. ಹಸಿರು ದೀಪ ಹತ್ತುತ್ತದೆ. ಗಾಜಿನ ಈಚೆ ಇಪ್ಪತ್ತು ಜನ ಚಪ್ಪಾಳೆ ತಟ್ಟುತ್ತಾರೆ. ಎಂಜಿನಿಯರ್ ತಿರುಗಿ, ಏನು ಮಹಾ ಎಂಬಂತೆ ಕೈಯಾಡಿಸುತ್ತಾನೆ.

"ಇದು ಎಷ್ಟು ಹೊತ್ತಿಗೆ ತೆಗೆದಿದ್ದು?"

"ಶುಕ್ರವಾರ ಹನ್ನೊಂದೂ ಹದಿಮೂರು. ಅವತ್ತೇ ಮೆಚ್ಚುಗೆ ಪತ್ರ ಕೊಟ್ವಿ."

ಇನ್‌ಸ್ಪೆಕ್ಟರ್ ಫೋನನ್ನು ಅವನ ಕೈಗೆ ವಾಪಸು ಕೊಟ್ಟರು. ಆ ಹೊತ್ತಿಗೆ ತರಕಾರಿ ವ್ಯಾನು ಇನ್ನೂ ದಾರಿಯಲ್ಲಿತ್ತು.

ನಿರ್ದೇಶಕನನ್ನು ಅಲ್ಲೇ ಬಿಟ್ಟು ಅವರು ಪಾಳಿಯ ಮೇಲ್ವಿಚಾರಕಿಯನ್ನು ಪಕ್ಕಕ್ಕೆ ಕರೆದರು. ಅವಳ ಕಣ್ಣುಗಳು ಊದಿಕೊಂಡಿದ್ದವು. ಶುಕ್ರವಾರದಿಂದ ಅವಳು ನಿದ್ದೆ ಮಾಡಿರಲಿಲ್ಲ.

"ಬೋರ್ಡ್ ಕೆಟ್ಟಿದ್ದು ಎಷ್ಟಕ್ಕೆ?"

"ಹತ್ತು ಇಪ್ಪತ್ತಕ್ಕೆ. ಇಪ್ಪತ್ತೆರಡಕ್ಕೆ ಡಾಕ್ಟರಿಗೆ ಫೋನ್ ಮಾಡ್ದೆ."

"ಅವನು ಬಂದಿದ್ದು?"

"ಹನ್ನೊಂದೂ ಒಂದಕ್ಕೆ. ಊರಿನ ಆ ತುದೀಲಿದ್ರಂತೆ, ಟ್ರಾಫಿಕ್ ಅಂದ್ರು."

"ಮುಂಚೆ ಎಷ್ಟು ಸಲ ಹೀಗಾಗಿದೆ?"

"ಮೊದಲ ಐದು ವರ್ಷದಲ್ಲಿ ಒಂದೇ ಸಲ ಮೇಡಂ. ಶುಕ್ರವಾರದ್ದೂ ಸೇರಿ ಈ ಎಂಟು ತಿಂಗಳಲ್ಲಿ ಐದು ಸಲ."

ಕೆಟ್ಟ ಬೋರ್ಡ್ ಎಲ್ಲಿದೆ ಎಂದು ಕೇಳಿದರೆ ಅದು ಅಲ್ಲಿರಲಿಲ್ಲ. ಕಾರ್ಖಾನೆಗೆ ವಾಪಸು ಕಳಿಸಬೇಕೆಂದು ಎಂಜಿನಿಯರೇ ಪ್ರತಿ ಸಲ ಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದ. ಆದರೆ ಮೇಲ್ವಿಚಾರಕಿ ಇನ್ನೊಂದು ಮಾತು ಹೇಳಿದಳು. ಬೋರ್ಡಿನ ಮೇಲೆ ಅಂಟಿಸಿದ ಚೀಟಿಯಲ್ಲಿ ಏನೇ ಇರಲಿ, ಪ್ರತಿ ಬೋರ್ಡಿಗೂ ಅದರೊಳಗೇ ಅಚ್ಚಾದ ಒಂದು ಸಂಖ್ಯೆ ಇರುತ್ತದೆ. ಬೋರ್ಡ್ ಕೂತಾಗ, ಎದ್ದಾಗ ಯಂತ್ರ ಆ ಸಂಖ್ಯೆಯನ್ನು ಓದಿ, ಗಂಟೆ ನಿಮಿಷದ ಸಮೇತ ಬರೆದಿಟ್ಟುಕೊಳ್ಳುತ್ತದೆ.

"ಅದನ್ನ ಯಾರು ಓದ್ತಾರೆ?"

"ಯಾರೂ ಓದಲ್ಲ ಮೇಡಂ."

ಎಂಟು ತಿಂಗಳ ದಾಖಲೆಯನ್ನು ಮುದ್ರಿಸಿ ತರಿಸಿದರು. ಹದಿನೇಳು ಹಾಳೆ. ಕಾರಿಡಾರಿನ ನೆಲದ ಮೇಲೆ ಹರಡಿಕೊಂಡು ಇನ್‌ಸ್ಪೆಕ್ಟರ್ ಸಂಖ್ಯೆ ಓದುತ್ತ ಹೋದರು, ಉದ್ದಣ್ಣ ಪೆನ್ಸಿಲಿನಿಂದ ಗುರುತು ಹಾಕುತ್ತ ಹೋದ. ಎರಡನೇ ಹಾಳೆಯಲ್ಲೇ ಅವನ ಪೆನ್ಸಿಲು ನಿಂತಿತು.

"ಮೇಡಂ, ಕೊನೇಲಿ ನಾಲ್ಕು ಒಂದು ಏಳು ಇರೋದು. ಇದು ಡಾಕ್ಟರ್ ಬರೋ ತಿಂಗಳ ತಪಾಸಣೆ ದಿನ ಹೊರಗೆ ಹೋಗಿದೆ. ಆಗ ಅದು ಚೆನ್ನಾಗೇ ಇತ್ತು. ಅದರ ಜಾಗಕ್ಕೆ ಬೇರೆ ನಂಬರಿಂದು ಬಂದು ಕೂತಿದೆ. ಆರು ದಿನಕ್ಕೆ ಅದು ಕೆಟ್ಟಿದೆ. ಆಮೇಲೆ ಹೊಸ ಬೋರ್ಡ್ ಅಂತ ಒಳಗೆ ಬಂದಿರೋದು ನೋಡಿ, ಅದೇ ನಾಲ್ಕು ಒಂದು ಏಳು."

ಐದು ಸಲವೂ ಅದೇ ಕತೆ. ತಪಾಸಣೆಯ ದಿನ ಒಳ್ಳೆಯ ಬೋರ್ಡ್ ಹೊರಗೆ, ಎಲ್ಲಿಯದೋ ಹಳೆಯ ಬೋರ್ಡ್ ಒಳಗೆ. ಕೆಲವು ದಿನಗಳಲ್ಲಿ ಹಳೆಯದು ಸಾಯುತ್ತದೆ. ಡಾಕ್ಟರ್ ಬರುತ್ತಾನೆ. ತಾನೇ ಕದ್ದ ಒಳ್ಳೆಯ ಬೋರ್ಡನ್ನು ವಾಪಸು ಕೂರಿಸುತ್ತಾನೆ.

"ಮಾರ್ಕೊಳ್ಳೋಕಾದ್ರೆ ವಾಪಸ್ ಯಾಕೆ ತರ್ತಾನೆ?" ಉದ್ದಣ್ಣನಿಗೆ ಬಗೆಹರಿಯಲಿಲ್ಲ. ಚಪ್ಪಾಳೆಯ ಆ ವಿಡಿಯೋ ಇನ್‌ಸ್ಪೆಕ್ಟರರ ತಲೆಯಿಂದ ಹೋಗಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಎಂಜಿನಿಯರನ್ನು ಠಾಣೆಗೆ ಕರೆಸಿದರು. ಇಸ್ತ್ರಿ ಮಾಡಿದ ಅಂಗಿ, ಒಪ್ಪವಾಗಿ ಕತ್ತರಿಸಿದ ಉಗುರು, ಮೆತ್ತನೆಯ ಮಾತು. ಕುರ್ಚಿ ಎಳೆಯುವಾಗಲೂ ಸದ್ದಾಗಲಿಲ್ಲ.

"ಶುಕ್ರವಾರ ಫೋನ್ ಬಂದಾಗ ಎಲ್ಲಿದ್ರಿ?"

"ಹಳೇ ಬಸ್ ನಿಲ್ದಾಣದ ಹತ್ರ ಮೇಡಂ. ಟ್ರಾಫಿಕ್ಕು ಕೇಳಬೇಡಿ."

"ಬೋರ್ಡ್ ಯಾಕೆ ಇಷ್ಟು ಸಲ ಕೆಡ್ತಿದೆ?"

"ಯಂತ್ರಕ್ಕೂ ವಯಸ್ಸಾಗತ್ತೆ." ಅವನ ಮುಖ ಅರಳಿತು. "ಎಳೆಯೋ ಕ್ಷಣ ಇದೆಯಲ್ಲ, ಅದು ಎಲ್ಲರ ಕೈಲೂ ಆಗಲ್ಲ. ಕೂದಲೆಳೆಯಷ್ಟು ವಾರೆಯಾದ್ರೆ ಇಡೀ ಯಂತ್ರ ಮಲಗಿಬಿಡತ್ತೆ. ನೀಲಿ ದೀಪ ಬರೋವರೆಗೂ ಕಾಯ್ಬೇಕು, ಆಮೇಲೆ ಎರಡು ಕೈಯಲ್ಲೂ ಒಂದೇ ಸಮ..." ಮೇಜಿನ ಮೇಲಿದ್ದ ಫೈಲನ್ನು ಎರಡೂ ಕೈಯಲ್ಲಿ ಹಿಡಿದು, ಮಗುವನ್ನು ತೊಟ್ಟಿಲಿಂದ ಎತ್ತುವಂತೆ ತನ್ನ ಕಡೆ ಎಳೆದು ತೋರಿಸಿದ.

ಅದು ಬೀಗ ರಿಪೇರಿಯವನ ಹೆಂಡತಿಯ ಮರಣೋತ್ತರ ಪರೀಕ್ಷೆಯ ಫೈಲಾಗಿತ್ತು. ಇನ್‌ಸ್ಪೆಕ್ಟರ್ ಅದನ್ನು ಅವನ ಕೈಯಿಂದ ಕಿತ್ತುಕೊಂಡರು. ಸಾಕ್ಷಿ ಕೈಸೇರುವವರೆಗೆ ಅವನನ್ನು ಹಿಡಿದಿಡುವಂತಿರಲಿಲ್ಲ. ಊರು ಬಿಡಬಾರದೆಂದು ಹೇಳಿ ಕಳಿಸಿದರು.

ಗುರುವಾರ ಮಧ್ಯಾಹ್ನ ಮೊಬೈಲ್ ಟವರಿನ ವಿವರ ಬಂತು. ಶುಕ್ರವಾರ ಹತ್ತು ಇಪ್ಪತ್ತೆರಡಕ್ಕೆ ಎಂಜಿನಿಯರನ ಫೋನು ಹಳೇ ಬಸ್ ನಿಲ್ದಾಣದ ಹತ್ತಿರವಿರಲಿಲ್ಲ, ಕರೆ ಕೇಂದ್ರದ ಬೀದಿಯಲ್ಲೇ ಇತ್ತು. ಆ ಬೀದಿಯಲ್ಲಿ, ಕೇಂದ್ರದ ಗೇಟಿಗೆ ನೇರ ಎದುರಿಗೆ ಒಂದು ಚಹಾ ಅಂಗಡಿ. ಗಲ್ಲಾದ ಮೇಲೆ ಕ್ಯಾಮೆರಾ.

ಫೋಟೋ ನೋಡಿದ ಕೂಡಲೇ ಅಂಗಡಿಯವನು ಗುರುತಿಸಿದ. "ಇವರಾ? ಹೋದ ವಾರ ಬುಧವಾರದಿಂದ ಮೂರು ದಿನ ಬೆಳಿಗ್ಗೆ ಬಂದು ಆ ಮೂಲೇಲಿ ಕೂತಿದ್ರು. ಫೋನ್ ಮೇಜಿನ ಮೇಲಿಟ್ಕೊಂಡು ಅದನ್ನೇ ನೋಡ್ತಿದ್ರು. ಮಗಳ ಹೆರಿಗೆ ಸುದ್ದಿಗೆ ಕಾಯ್ತಿದ್ದಾರೇನೋ ಅಂದ್ಕೊಂಡೆ."

ಅಂಗಡಿಯ ಹಿಂದಿನ ಕೋಣೆಯಲ್ಲಿ, ಹಾಲಿನ ಕ್ರೇಟುಗಳ ಮೇಲೆ ಕೂತು ಇನ್‌ಸ್ಪೆಕ್ಟರೂ ಉದ್ದಣ್ಣನೂ ಶುಕ್ರವಾರದ ದೃಶ್ಯ ನೋಡಿದರು. ಹತ್ತು ಇಪ್ಪತ್ತೆರಡಕ್ಕೆ ಫೋನು ಬರುತ್ತದೆ. ಎಂಜಿನಿಯರ್ ಮಾತಾಡಿ ಇಡುತ್ತಾನೆ. ಏಳುವುದಿಲ್ಲ. ಇನ್ನೊಂದು ಚಹಾ ತರಿಸಿಕೊಳ್ಳುತ್ತಾನೆ. ಫೋನು ಮತ್ತೆ ಬರುತ್ತದೆ, ಮತ್ತೆ ಬರುತ್ತದೆ. ಕಿಟಕಿಯಿಂದ ಗೇಟು ನೋಡುತ್ತ ಕೂತೇ ಇರುತ್ತಾನೆ. ಇನ್‌ಸ್ಪೆಕ್ಟರ್ ತಾವು ಬರೆದುಕೊಂಡಿದ್ದ ಹನ್ನೊಂದು ಸಮಯಗಳ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಅವನು ಚಹಾ ಗುಟುಕರಿಸುತ್ತಿದ್ದಾಗ ಬೀಗ ರಿಪೇರಿಯವನ ಐದನೇ ಕರೆ. ಬಾಯಿ ಒರೆಸಿಕೊಂಡಾಗ ಎಂಟನೆಯದು. ಹತ್ತು ಐವತ್ತೆಂಟಕ್ಕೆ ನಿರ್ದೇಶಕನ ಕಾರು ಗೇಟಿನೊಳಗೆ ಹೋಗುತ್ತದೆ. ಆಗ ಎಂಜಿನಿಯರ್ ಏಳುತ್ತಾನೆ. ಕೈತೊಳೆಯುವ ಜಾಗದ ಕನ್ನಡಿಯ ಮುಂದೆ ನಿಂತು ಬಾಚಣಿಗೆ ತೆಗೆದು, ಬೈತಲೆ ಸರಿಮಾಡಿಕೊಂಡು, ಹೊರಡುತ್ತಾನೆ.

"ಥೂ," ಎಂದ ಉದ್ದಣ್ಣ. ಇನ್‌ಸ್ಪೆಕ್ಟರ್ ಎದುರು ಅವನು ಹಾಗೆ ಅಂದದ್ದು ಅದೇ ಮೊದಲು. "ನೋಡೋರು ಬರ್ಲಿ ಅಂತ ಕಾದಿದ್ದಾನೆ ಮೇಡಂ."

ಅಂಗಡಿಯವನು ಪ್ರೀತಿಯಿಂದ ಎರಡು ಲೋಟ ಚಹಾ ತಂದಿಟ್ಟ. ಇಬ್ಬರಿಗೂ ಕುಡಿಯಲಾಗಲಿಲ್ಲ.

ಶನಿವಾರ, ಮಾರ್ಚ್ ಹದಿನಾಲ್ಕು, ಬೆಳಿಗ್ಗೆ ಒಂಬತ್ತೂವರೆಗೆ ಎಂಜಿನಿಯರನ ಮನೆಯ ಶೋಧ. ಪಂಚರಾಗಿ ಪಕ್ಕದ ಬೀದಿಯ ಇಬ್ಬರು. ಮಂಚದ ಕೆಳಗೆ ಬೆಳ್ಳಿ ಬಣ್ಣದ ಚೀಲದಲ್ಲಿ ಮೂರು ಬೋರ್ಡುಗಳು ಸಿಕ್ಕವು. ಗುಜರಿಯಿಂದ ತಂದ ಹಳೆಯವು. ಬಿಸಿಯಲ್ಲಿ ಬೆಂದು ಬಿಡಿಭಾಗಗಳು ಉಬ್ಬಿದ್ದವು. ಮೇಲೆ ಹೊಸ ಚೀಟಿಗಳು. ಯಾವ ಬೋರ್ಡ್ ಎಷ್ಟು ದಿನ ತಾಳುತ್ತದೆಂದು ಪ್ರತಿಯೊಂದರ ಮೂಲೆಯಲ್ಲೂ ಅವನೇ ಸಣ್ಣಕ್ಷರದಲ್ಲಿ ಬರೆದಿದ್ದ. ಒಂದರ ಮೇಲೆ ‘ಐದರಿಂದ ಏಳು’ ಎಂದಿತ್ತು.

ಪಂಚನಾಮೆ ಬರೆಯುವಷ್ಟು ಹೊತ್ತೂ ಅವನ ಹೆಂಡತಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು.

"ಇದು ನಿಮಗೆ ಗೊತ್ತಿತ್ತಾ ಅಮ್ಮಾ?"

"ಮನೇಲಿ ಅದೇ ಮಾತು. ಊಟಕ್ಕೆ ಕೂತ್ರೆ ತಟ್ಟೆ ಎಳೆದು ತೋರಿಸೋರು, ಹೀಗೆ ತೆಗೀಬೇಕು, ಹಾಗೆ ಕೂರಿಸ್ಬೇಕು ಅಂತ. ಮಕ್ಕಳು ಎದ್ದು ಹೋಗ್ತಿದ್ರು. ನಾನೂ ಎಷ್ಟೂಂತ ಕೇಳ್ಲಿ?" ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಕೇಳಬೇಕಿತ್ತೇನೋ."

"ನೀವು ಕೇಳಿದ್ರೂ ಅವರು ಇದನ್ನ ಮಾಡ್ತಿದ್ರು," ಎಂದರು ಇನ್‌ಸ್ಪೆಕ್ಟರ್. ಅದು ನಿಜವೋ ಅಲ್ಲವೋ ಅವರಿಗೂ ಗೊತ್ತಿರಲಿಲ್ಲ.

ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಅವನನ್ನು ಬಂಧಿಸಲಾಯಿತು. ಠಾಣೆಯಲ್ಲಿ ದಾಖಲೆಯ ಹಾಳೆಗಳನ್ನೂ ಅಂಗಡಿಯ ದೃಶ್ಯವನ್ನೂ ಮುಂದಿಟ್ಟಾಗ ಎಂಜಿನಿಯರ್ ವಾದಿಸಲಿಲ್ಲ. ಕೇಳದೆಯೇ ಹೇಳತೊಡಗಿದ.

ಹನ್ನೊಂದು ವರ್ಷ ಆ ಯಂತ್ರ ತಯಾರಿಸುವ ಕಂಪನಿಯಲ್ಲಿ ದುಡಿದಿದ್ದ. ಹೋದ ಕಡೆಯೆಲ್ಲ ಹಿಂಬಾಗಿಲಿನಿಂದ ಒಳಗೆ ಬಿಡುತ್ತಿದ್ದರು. ಕೆಲಸ ಮುಗಿಸಿ ಹೊರಟದ್ದೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಂದು ದಿನ ಕರೆ ಕೇಂದ್ರದಲ್ಲಿ ನಿಜವಾಗಿಯೇ ಬೋರ್ಡ್ ಕೆಟ್ಟಿತು. ಹೇಗೋ ಬದಲಾಯಿಸಿದ. ತಿರುಗಿ ನೋಡಿದರೆ ಗಾಜಿನ ಆಚೆ ಜನ, ಎಲ್ಲರ ಕಣ್ಣೂ ಅವನ ಮೇಲೆ. ಒಬ್ಬಾಕೆ ಅಳುತ್ತಿದ್ದಳು. ನಿರ್ದೇಶಕ ಅಪ್ಪಿಕೊಂಡ. ಅವತ್ತಿನಿಂದಲೇ ಡಾಕ್ಟರ್ ಎಂಬ ಹೆಸರು.

"ಆಮೇಲೆ?" ಇನ್‌ಸ್ಪೆಕ್ಟರ್ ಕೇಳಿದರು.

"ಆಮೇಲೆ ಹದಿನಾಲ್ಕು ತಿಂಗಳು ಅದು ಕೆಡಲೇ ಇಲ್ಲ ಮೇಡಂ."

"ಒಂದು ಹೆಂಗಸು ಸತ್ತಿದ್ದಾಳೆ."

"ಅರ್ಧ ಕರೆ ಹೋಗ್ತಾನೇ ಇರತ್ತೆ. ಅವರು ಇನ್ನೊಂದೆರಡು ಸಲ ಮಾಡಿದ್ರೆ ಸಿಕ್ಕಿರೋದು." ಲೆಕ್ಕ ತಪ್ಪಿದ್ದು ಫೋನ್ ಮಾಡಿದವರದೇ ಎಂಬಂಥ ದನಿ.

ಬರೆದುಕೊಳ್ಳುತ್ತಿದ್ದ ದಫೇದಾರರು ಪೆನ್ನು ಕೆಳಗಿಟ್ಟು, ಎದ್ದು, ಹೊರಗೆ ಹೋಗಿ ನೆಲಕ್ಕೆ ಉಗಿದು ಬಂದರು. ಇನ್‌ಸ್ಪೆಕ್ಟರ್ ಅವರನ್ನು ಗದರಲಿಲ್ಲ. ಹೇಳಿಕೆಗೆ ಸಹಿಯಾಯಿತು.

ಮಧ್ಯಾಹ್ನ ನ್ಯಾಯಾಲಯಕ್ಕೆ ಒಯ್ಯುವ ಹೊತ್ತಿಗೆ ಸುದ್ದಿ ಹೊರಗೆ ಹೋಗಿತ್ತು. ಠಾಣೆಯ ಮೆಟ್ಟಿಲ ಬಳಿ ಕ್ಯಾಮೆರಾ ಹಿಡಿದವರು ಹತ್ತು ಹದಿನೈದು ಮಂದಿ. ಕಿಟಕಿಯಿಂದ ಅವರನ್ನು ಕಂಡ ಎಂಜಿನಿಯರ್ ಅಂಗಿಯ ಕಾಲರು ಎಳೆದುಕೊಂಡ. ಕೋಳದ ಕೈಗಳನ್ನೇ ಮೇಲೆತ್ತಿ ಕೂದಲು ಸವರಿಕೊಂಡ.

ಇನ್‌ಸ್ಪೆಕ್ಟರ್ ಅದನ್ನು ನೋಡಿದರು. ಬಾಗಿಲ ಹಿಂದೆ ನೇತುಹಾಕಿದ್ದ ಹಳೆಯ ಟವೆಲನ್ನು ತೆಗೆದು ಉದ್ದಣ್ಣನ ಕೈಗೆ ಕೊಟ್ಟರು.

"ಮುಖ ಮುಚ್ಚು. ಯಾರಿಗೂ ಕಾಣಬಾರದು."

"ಬೇಡ ಮೇಡಂ," ಎಂದ ಎಂಜಿನಿಯರ್. "ನಂಗೇನೂ ನಾಚಿಕೆ ಇಲ್ಲ, ಹೀಗೇ ಬರ್ತೀನಿ. ಮುಚ್ಚಬೇಡಿ, ದಯವಿಟ್ಟು."

ಐದು ದಿನಗಳಲ್ಲಿ ಅವನ ದನಿ ಒಡೆದದ್ದು ಅದೊಂದೇ ಸಲ. ಉದ್ದಣ್ಣ ಟವೆಲನ್ನು ತಲೆಯ ಮೇಲೆ ಹೊದಿಸಿ, ಕತ್ತಿನ ಹತ್ತಿರ ಗಂಟು ಹಾಕಿ, ರಟ್ಟೆ ಹಿಡಿದು ಮೆಟ್ಟಿಲಿಳಿಸಿಕೊಂಡು ಹೋದ.