ಒದ್ದೆ ಹೆಜ್ಜೆ

ಗಂಡಸರಿಬ್ಬರ ಪ್ರೀತಿಯನ್ನೇ ಕಾದಂಬರಿಗಳಲ್ಲಿ ಬರೆದ ನನ್ನವನಿಗೆ, ತಣ್ಣೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡೇ ಬರೆಯುವ ಚಾಳಿ. ಅವನು ತೀರಿಕೊಂಡ ಮೇಲೂ, ಮಧ್ಯಾಹ್ನ ನಾನು ಕೆಲಸದಿಂದ ಬಂದರೆ ಅವನ ಮೇಜಿನಿಂದ ನಮ್ಮ ಮಂಚದವರೆಗೆ ಒದ್ದೆ ಹೆಜ್ಜೆಗಳು. ನನಗೆ ಅವನ ತಂಗಿಯ ಮೇಲೇ ಗುಮಾನಿ. ನನ್ನನ್ನು ಅಣ್ಣನ ಮನೆಯಲ್ಲಿ ಬಾಡಿಗೆಗಿರುವವನೆಂದು ಊರಿಗೆಲ್ಲ ಹೇಳಿದವಳು. ಹೆದರಿಸಿ ಮನೆ ಬಿಡಿಸುವ ಹುನ್ನಾರವಿರಬೇಕು. ಬೀಗ ಬದಲಾಯಿಸಿದರೂ ಹೆಜ್ಜೆ ನಿಲ್ಲಲಿಲ್ಲ. ಕೊನೆಗೆ ಅವಳನ್ನೇ ಕರೆಸಿ ತೋರಿಸಿದೆ.

ಅವಳು ನನ್ನತ್ತ ನೋಡದೆ ಖಾಲಿ ಕುರ್ಚಿಯನ್ನು ಗದರಿದಳು: "ಅಣ್ಣಾ, ಎಷ್ಟು ಸಲ ಹೇಳೋದು, ಕಾಲು ಒರೆಸ್ಕೊಂಡು ಓಡಾಡು ಅಂತ! ಇವರು ಜಾರಿ ಬಿದ್ರೆ ನೋಡ್ಕೊಳ್ಳೋರು ಯಾರು?"

ಎಲ್ಲ ನಾಟಕ ಅಂದುಕೊಂಡೆ. ಅಂದಿನಿಂದ ನೆಲವೇನೋ ಒಣಗಿಯೇ ಇದೆ. ಆದರೂ ಅನುಮಾನ ಹೋಗದೆ, ಅವನ ಟವೆಲ್ಲನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದೇನೆ. ದಿನಾ ಮಧ್ಯಾಹ್ನ ತೆಗೆದು ಮುಟ್ಟಿ ನೋಡುತ್ತೇನೆ. ಒದ್ದೆಯಾಗಿರುತ್ತದೆ.