ಮಾವನವರ ಅಭಿಪ್ರಾಯ

ಹನ್ನೊಂದು ವರ್ಷ ಒಂದು ವೈದ್ಯಕೀಯ ಪತ್ರಿಕೆಗಾಗಿ ಕಂಡವರ ಪ್ರಬಂಧಗಳನ್ನು ಬಿಟ್ಟಿಯಾಗಿ ಓದಿ, ತಪ್ಪು ಹೆಕ್ಕಿ ಕೊಟ್ಟಿದ್ದಕ್ಕೆ ಅವನಿಗೆ ಸಿಕ್ಕಿದ್ದು ಹನ್ನೊಂದು ಕಾಗದ. ವರ್ಷದ ಕೊನೆಗೆ ಆ ಪತ್ರಿಕೆಯವರು ದಪ್ಪ ಲಕೋಟೆಯಲ್ಲಿ ಕೃತಜ್ಞತೆ ಹೇಳಿ ಕಳಿಸುತ್ತಿದ್ದರು. ಮೊದಲ ಎರಡಕ್ಕೆ ಫ್ರೇಮ್ ಹಾಕಿಸಿ ಆಸ್ಪತ್ರೆಯ ತನ್ನ ಕೋಣೆಯಲ್ಲಿ ತೂಗುಹಾಕಿದ್ದ. ಉಳಿದ ಒಂಬತ್ತನ್ನು ಒಡೆಯದೆ ಡ್ರಾಯರಿಗೆ ತುರುಕಿದ್ದ. ಈಗ ಆ ಗೋಡೆಗೆ ಬೆನ್ನು ಹಾಕಿಯೇ ಕೂರುತ್ತಿದ್ದ.

ಆಸ್ಪತ್ರೆಯಲ್ಲಿ ಅವನಿಗೆ ಕಾಲು ಡಾಕ್ಟರ್ ಎಂದೇ ಹೆಸರು. ಸಕ್ಕರೆ ಕಾಯಿಲೆಯವರ ಕೊಳೆತ ಪಾದ ತೊಳೆದು ತೊಳೆದು ಕೀವಿನ ವಾಸನೆ ಅಂಗಿಯ ತೋಳಿಗೇ ಹತ್ತಿಬಿಟ್ಟಿತ್ತು. ವಿಭಾಗದ ಮುಖ್ಯಸ್ಥರು ಇನ್ನೆಂಟು ತಿಂಗಳಿಗೆ ನಿವೃತ್ತರಾಗುವವರಿದ್ದರು. ಅವರ ಕುರ್ಚಿ ಸಿಕ್ಕರೆ ಪಾದ ಮುಟ್ಟುವ ಕರ್ಮ ಕಿರಿಯರ ಪಾಲಾಗುತ್ತಿತ್ತು. ಕುರ್ಚಿಗೆ ಬೇಕಾದದ್ದು ದೊಡ್ಡ ಪತ್ರಿಕೆಯಲ್ಲಿ ಒಂದು ಪ್ರಬಂಧ.

ಪ್ರಬಂಧವೇನೋ ಇತ್ತು. ತಾನೇ ತಯಾರಿಸಿದ ಮುಲಾಮನ್ನು ನಲವತ್ತೇಳು ಜನರ ಹುಣ್ಣಿಗೆ ಹಚ್ಚಿ ನೋಡಿದ್ದ. ನಲವತ್ತು ಜನರಿಗೆ ಬೇಗ ಮಾಯಿತು. ಏಳು ಜನರಿಗೆ ಹುಣ್ಣು ಒಳಗೊಳಗೇ ಕೊರೆಯಿತು. ಅವರಲ್ಲೊಬ್ಬಳು ಹೊಲಿಗೆಯವಳು, ಅವಳ ಕಾಲಿನ ಎರಡು ಬೆರಳು ಕತ್ತರಿಸಬೇಕಾಯಿತು. ಹೋದ ವರ್ಷ ಇದನ್ನೆಲ್ಲ ಇದ್ದದ್ದು ಇದ್ದ ಹಾಗೆ ಬರೆದು ಬೇರೊಂದು ಪತ್ರಿಕೆಗೆ ಕಳಿಸಿದ್ದ. ಅಲ್ಲಿ ಅದನ್ನು ಓದಿ ತೂಗಿದ, ಹೆಸರು ಗೊತ್ತಿಲ್ಲದ ಇಬ್ಬರು ರಿವ್ಯೂವರುಗಳು ನಾಲ್ಕೇ ಸಾಲಿನಲ್ಲಿ ಕಥೆ ಮುಗಿಸಿದರು: ಏಳು ಸಣ್ಣ ಸಂಖ್ಯೆಯಲ್ಲ, ಮುಲಾಮು ನಿಲ್ಲಿಸಿ.

ಅದಕ್ಕಿಂತ ಉರಿದದ್ದು ಆ ವಾರ ಊಟಕ್ಕೆ ಬಂದಿದ್ದ ಮಾವನ ಮಾತು. ಮಾವ ಹೆಸರಾಂತ ಸರ್ಜನ್, ನಿವೃತ್ತಿಯಾಗಿ ಆರು ವರ್ಷ.

"ಸರಿಯಾಗೇ ಹೇಳಿದಾರೆ ಅಳಿಯಂದಿರೇ. ನಲವತ್ತು ಜನ ನಿಮಗೆ ಕೈ ಮುಗೀತಾರೆ. ಆ ಏಳು ಜನರನ್ನ ಯಾರು ಕೇಳ್ತಾರೆ?"

"ಅಪ್ಪ ಹೇಳೋದು ಸರಿ ಅಲ್ವೇನ್ರೀ," ಎಂದು ಹೆಂಡತಿ ನೀರು ಬಗ್ಗಿಸಿದಳು. ಅವನು ತಟ್ಟೆ ಸರಿಸಿ ಎದ್ದ.

ಈ ಸಲ ತಾನು ಬಿಟ್ಟಿ ದುಡಿದಿದ್ದ ಪತ್ರಿಕೆಗೇ ಕಳಿಸಲೆಂದು ಅವನು ಆ ಏಳು ಜನರನ್ನೇ ತೆಗೆದುಹಾಕಿದ. ಬೆರಳು ಕತ್ತರಿಸುವವನಿಗೆ ಏಳು ಸಾಲು ಕತ್ತರಿಸುವುದು ಯಾವ ದೊಡ್ಡ ಕೆಲಸ? ನಲವತ್ತು ರೋಗಿಗಳು, ನಲವತ್ತು ಜನರೂ ಗುಣ. ಉಳಿದದ್ದು ರಿವ್ಯೂವರುಗಳ ಕಾಟ. ಆ ಅಡುಗೆಮನೆ ಅವನಿಗೆ ಒಳಗಿನಿಂದ ಗೊತ್ತಿತ್ತು. ಪತ್ರಿಕೆಯ ಸಂಪಾದಕಿ ಒಬ್ಬ ವೈದ್ಯೆ. ತನ್ನ ಡ್ಯೂಟಿ ಮುಗಿಸಿ ಈ ಕೆಲಸಕ್ಕೆ ಕೂರುವವಳು. ಒಂದು ಪ್ರಬಂಧ ಓದಿಕೊಡಿ ಎಂದು ಹತ್ತು ಜನರಿಗೆ ಬರೆದರೆ ಎಂಟು ಜನ ಉತ್ತರವನ್ನೇ ಕೊಡುವುದಿಲ್ಲ. ಹಾಗಾಗಿ ಪ್ರಬಂಧ ಕಳಿಸುವ ಫಾರಂನಲ್ಲೇ ಕೇಳಿರುತ್ತಾರೆ: ಈ ವಿಷಯ ಬಲ್ಲ ಇಬ್ಬರ ಹೆಸರು ಸೂಚಿಸಿ. ಕಳ್ಳನ ಕೈಗೇ ಬೀಗದ ಕೈ ಕೊಟ್ಟು ನಮಸ್ಕಾರ ಹೇಳುವ ಜನ. ಥೂ, ಇವರಿಗೆ ಮೋಸ ಮಾಡುವುದಕ್ಕೂ ಮರ್ಯಾದೆ ಇಲ್ಲ ಎನಿಸಿತು.

ಒಂದು ಹೆಸರು ದೂರದ ಊರಿನ ಪ್ರಾಧ್ಯಾಪಕನದು, ಅವನೇ ಹುಟ್ಟಿಸಿದವನು. ಇನ್ನೊಂದು ಮಾವನದು. ಆ ಹೆಸರು ಕಂಡರೆ ಸಂಪಾದಕಿ ಕೂತಲ್ಲಿಂದ ಏಳುತ್ತಾಳೆ. ಸಂಬಂಧ ಅವಳಿಗೆ ಗೊತ್ತಿಲ್ಲ. ಮಾವನೋ ಕಂಪ್ಯೂಟರ್ ಮುಟ್ಟುವವನಲ್ಲ. ಇವತ್ತಿಗೂ ಇಂಕ್ ಪೆನ್ನಿನಲ್ಲಿ ಕಾಗದ ಬರೆಯುವ ಆಸಾಮಿ. ಇಬ್ಬರ ಹೆಸರಿನಲ್ಲೂ ತಾನೇ ಹೊಸ ಇಮೇಲ್ ವಿಳಾಸ ತೆರೆದ. ಅಂಚೆ ವಿಳಾಸ ತುಂಬದೆ ಫಾರಂ ಮುಂದಕ್ಕೆ ಹೋಗಲಿಲ್ಲ. ಸುಳ್ಳಿಗೆ ಒಂದು ಚಿಟಿಕೆ ನಿಜ ಬೆರೆಸಿದರೇ ರುಚಿ ಎಂದುಕೊಂಡು ಮಾವನ ಮನೆ ನಂಬರು, ಅಡ್ಡರಸ್ತೆ ಎಲ್ಲವನ್ನೂ ಸರಿಯಾಗಿ ಬರೆದ. ಯಾರಾದರೂ ತಾಳೆ ನೋಡಿದರೂ ತಪ್ಪು ಸಿಗಬಾರದು.

ವಾರದೊಳಗೆ ಅವನ ಪ್ರಬಂಧ ಅವನ ಬಳಿಗೇ ರಿವ್ಯೂಗೆ ಬಂತು, ಎರಡೆರಡು ಪ್ರತಿ.

ಅವನು ಅವಸರ ಮಾಡಲಿಲ್ಲ. ಹೇಳಿದ ದಿನಕ್ಕೆ ರಿವ್ಯೂ ಕೊಡುವವನ ಮೇಲೆ ಯಾರಿಗಾದರೂ ಅನುಮಾನ ಬರುತ್ತದೆ. ಪ್ರಾಧ್ಯಾಪಕನಿಗೆ ಎರಡು ಜ್ಞಾಪನೆ ಬರುವ ತನಕ ಸುಮ್ಮನಿದ್ದ. ಮಾವನ ಹೆಸರಿನಲ್ಲಿ ಮೊದಲು ಗೊಣಗಿದ: ಭಾಷೆ ಒರಟು, ಮೂರನೇ ಚಿತ್ರ ಮಸುಕು. ಆಮೇಲೆ ನಿಧಾನವಾಗಿ ಹೊಗಳಿದ: ರೋಗಿಗಳ ಲೆಕ್ಕ ಪ್ರಾಮಾಣಿಕವಾಗಿದೆ, ಪ್ರಕಟಿಸಬಹುದು. ಬರೆಯುವಾಗ ಮಾವನ ಬಾಯಿಂದಲೇ ಆ ಮಾತು ಹೇಳಿಸಿದಷ್ಟು ಖುಷಿಯಾಯಿತು. ಕೊನೆಗೆ ಲೇಖಕನಾಗಿ ಭಾಷೆ ತಿದ್ದಿ, ಚಿತ್ರ ಬದಲಿಸಿ, ಮಾನ್ಯ ರಿವ್ಯೂವರುಗಳಿಗೆ ವಿನಯದಿಂದ ವಂದನೆ ಸಲ್ಲಿಸಿದ.

ಅದೇ ವಾರ ಹೊಲಿಗೆಯವಳು ಪಟ್ಟಿ ಬದಲಿಸಿಕೊಳ್ಳಲು ಬಂದಳು. ಕಾಲಿನ ಪಟ್ಟಿ ಬಿಚ್ಚಿದೊಡನೆ ಕೋಣೆಯೆಲ್ಲ ನಾರಿತು.

"ಡಾಕ್ಟ್ರೇ, ಪೆಡಲ್ ತುಳಿಯೋಕೇ ಆಗ್ತಿಲ್ಲ. ಆ ಮುಲಾಮು ಇನ್ನೂ ಹಚ್ಚಬೇಕಾ?"

ಬೇಡ ಎಂದರೆ ಯಾಕೆ ಬೇಡ ಎಂದು ಚೀಟಿಯಲ್ಲಿ ಬರೆಯಬೇಕಾಗುತ್ತಿತ್ತು.

"ಹಚ್ಚಿ," ಎಂದು ಅವನು ಮೂಗು ಮುಚ್ಚಿಕೊಂಡ.

ಪ್ರಬಂಧ ಅಚ್ಚಾಯಿತು. ಕುರ್ಚಿಯೂ ಸಿಕ್ಕಿತು. ಜನವರಿಯ ಕೊನೆಯ ವಾರ, ಹೊಸ ಕೋಣೆಯ ಬಾಗಿಲಿಗೆ ಬಡಗಿ ಅವನ ನಾಮಫಲಕ ಹೊಡೆಯುತ್ತಿದ್ದಾಗ ಮಾವ ಬಂದರು. ಅಭಿನಂದಿಸಲು ಬಂದರೆಂದು ಎದ್ದು ಕುರ್ಚಿ ಎಳೆದುಕೊಟ್ಟ. ಅವರು ಕೂರಲಿಲ್ಲ.

"ನಾನು ಯಾವುದೋ ಪ್ರಬಂಧ ಓದಿ ಬಹಳ ಉಪಕಾರ ಮಾಡಿದೀನಂತೆ. ಯಾವುದಮ್ಮಾ ಅದು, ನಾನೇನು ಬರೆದಿದ್ದೆ ಅಂತ ಸಂಪಾದಕಿಗೆ ಕಾಗದ ಹಾಕಿ ಕೇಳ್ದೆ. ಎಲ್ಲಾ ಕಳಿಸಿಕೊಟ್ಟಿದಾಳೆ. ಇನ್ನೇನು ಇಲ್ಲಿಗೇ ಬರ್ತಾಳೆ. ಅಷ್ಟರೊಳಗೆ ನನಗೊಂದು ಹೇಳಿ ಅಳಿಯಂದಿರೇ, ಆ ಏಳು ಜನ ಎಲ್ಲಿ?"

ಅವರು ಮೇಜಿನ ಮೇಲೆ ಇಟ್ಟದ್ದು ಒಂದು ದಪ್ಪ ಲಕೋಟೆ. ಅಂಥ ಹನ್ನೊಂದು ಅವನಿಗೂ ಬಂದಿದ್ದವು, ಒಂಬತ್ತು ಇನ್ನೂ ಡ್ರಾಯರಿನಲ್ಲಿದ್ದವು. ರಿವ್ಯೂ ಮಾಡಿದ ಪ್ರತಿಯೊಬ್ಬರಿಗೂ ವರ್ಷದ ಕೊನೆಗೆ ಪತ್ರಿಕೆಯವರು ತಪ್ಪದೆ ಅಂಚೆಯಲ್ಲಿ ಕೃತಜ್ಞತೆ ಕಳಿಸುತ್ತಾರೆ. ಲಕೋಟೆಯ ಮೇಲೆ ಮಾವನ ಮನೆ ನಂಬರು, ಅಡ್ಡರಸ್ತೆ ಎಲ್ಲ ಸರಿಯಾಗಿತ್ತು; ಇಡೀ ಹಗರಣದಲ್ಲಿ ಅವನು ಬರೆದಿದ್ದ ನಿಜ ಅದೊಂದೇ.