ಹಳೇ ಗೋವಾದಲ್ಲಿ ಒಂದು ಹೆಸರು

ಅನಮೋಡದ ಚೆಕ್‌ಪೋಸ್ಟ್ ದಾಟುವವರೆಗೂ ಸೆಲಿನ್ ಮುಖಕ್ಕೆ ಓಢಣಿ ಸುತ್ತಿಕೊಂಡು, ಎರಡೂ ಕೈಗಳನ್ನು ತನ್ನ ತೊಡೆಯ ಮೇಲೆಯೇ ಇಟ್ಟುಕೊಂಡು ಬೈಕಿನ ಹಿಂದೆ ಕೂತಿದ್ದಳು. ಗೋವಾದ ಘಟ್ಟ ಇಳಿಯತೊಡಗಿದ್ದೇ ವೀರೇಶ ಕನ್ನಡಿಯಲ್ಲಿ ಅವಳನ್ನು ನೋಡಿ ನಕ್ಕ.

"ಇನ್ನ ನಮ್ಮೂರವರು ಯಾರೂ ಸಿಗೂದಿಲ್ಲ. ಗಟ್ಟಿ ಹಿಡಕೋ."

"ಏನ್ ಹಿಡಕೊಳ್ಳಲಿ? ಸೀಟೋ, ಸಾವಕಾರರನ್ನೋ?"

"ಸಾವಕಾರರು ಬಿದ್ದಮ್ಯಾಲೆ ಬರೇ ಸೀಟ್ ಹಿಡಕೊಂಡು ಏನ್ ಮಾಡ್ತಿ?"

ಅವಳು ಕೈ ಚಾಚಿ ಅವನ ಸೊಂಟ ಬಳಸಿದಳು. ಅವನ ಬೆನ್ನು ಒಂದು ಕ್ಷಣ ನೆಟ್ಟಗಾಗಿ ಆಮೇಲೆ ಹಗುರಾದದ್ದು ಅವಳ ಕೆನ್ನೆಗೆ ಗೊತ್ತಾಯಿತು.

ಹಳಿಯಾಳದ ಪೇಟೆಯಲ್ಲಿ ವೀರೇಶನ ಮನೆಯವರದು ಬೀಜ-ಗೊಬ್ಬರದ ಅಂಗಡಿ. ಸೆಲಿನ್ ಅದೇ ಊರಿನ ದವಾಖಾನೆಯೊಂದರಲ್ಲಿ ನರ್ಸ್. ಕಾಡಂಚಿನ ಹಳ್ಳಿಯ, ಹಿಂದೆ ಆಫ್ರಿಕಾದಿಂದ ಗುಲಾಮರಾಗಿ ತಂದವರ ಪೀಳಿಗೆಯಾದ ಸಿದ್ದಿ ಕ್ರಿಶ್ಚಿಯನ್ನರ ಹುಡುಗಿ. ಒಮ್ಮೆ ಅಂಗೈ ಸೀಳಿಸಿಕೊಂಡು ಬಂದಿದ್ದ ವೀರೇಶ, ಅವಳು ಹೊಲಿಗೆ ಹಾಕುವಾಗ ಕಣ್ಣು ಮುಚ್ಚಿ ಶಿವಶಿವಾ ಎನ್ನುತ್ತಿದ್ದ. "ಕಣ್ಣ ತೆಗೀರಿ, ಮುಗದು ಭಾಳ ಹೊತ್ತಾತು" ಎಂದಿದ್ದಳು ಸೆಲಿನ್. ಅಲ್ಲಿಂದ ಶುರುವಾದದ್ದು ಇಬ್ಬರ ನಡುವೆಯೇ ಉಳಿದಿತ್ತು. ಅವ್ವ ಗುರುಸಿದ್ದವ್ವನಿಗೆ ಹೇಳುತ್ತೇನೆ ಎಂದು ವೀರೇಶ ಯುಗಾದಿಗೆ ಅನ್ನುತ್ತಿದ್ದ, ದಸರೆಗೆ ಅನ್ನುತ್ತಿದ್ದ, ದೀಪಾವಳಿಗೂ ಅಂದಿದ್ದ.

ಹಳೇ ಗೋವಾ ನೋಡಬೇಕೆಂದದ್ದು ಅವಳೇ. ಪೋರ್ತುಗೀಸರು ಸಮುದ್ರದಾಚೆಯ ತಮ್ಮ ಊರಿನ ಹಾಗೇ ಕಟ್ಟಿಕೊಂಡಿದ್ದ ಆ ಶಹರದಲ್ಲಿ ಈಗ ಉಳಿದದ್ದು ಚರ್ಚುಗಳು, ಹುಲ್ಲುಹಾಸು, ಮತ್ತೆ ಮಾಂಡವಿ ನದಿಯ ಕಡೆಗೆ ತೆರೆದ ಒಂದು ಕಲ್ಲಿನ ಕಮಾನು. ಕಮಾನಿನ ಕೆಳಗೆ ನಿಂತು ಅವಳು ಕೆಂಪುಕಲ್ಲಿನ ಮೇಲೆ ಅಂಗೈ ಊರಿದಳು.

"ಹಡಗಿನಿಂದ ಇಳಿಸಿ ನಮ್ಮವರನ್ನ ಇದರಾಗಿಂದನ ಒಳಗ ತಂದ್ರಂತ. ನಮ್ಮ ಅಜ್ಜಿ ಹೇಳ್ತಿದ್ಲು."

ವೀರೇಶ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಹಿಂದಿನಿಂದ ದೊಡ್ಡ ದನಿ ಬಂತು.

"ಏ ವೀರೇಶ! ನೀ ಇಲ್ಲೆಲ್ಲಿ ಬಂದಿಯೋ?"

ಹಳಿಯಾಳದ ಪೇಟೆಯಲ್ಲೇ ಅಂಗಡಿ ಇಟ್ಟಿದ್ದ ಶಂಕ್ರಪ್ಪ. ತಲೆಗೆ ಗೋವಾದ ಹೊಸ ಟೊಪ್ಪಿಗೆ ಇಟ್ಟಿದ್ದ. ಅವನ ಕಣ್ಣು ಸೆಲಿನ್‌ಳ ಗುಂಗುರು ಕೂದಲ ಮೇಲೆ ನಿಂತಿತು. "ಇವರ್ಯಾರು?"

ವೀರೇಶನ ಮುಖದ ಬಣ್ಣ ಇಳಿಯಿತು. "ಇವರು... ಟೂರಿಸ್ಟ್ ಕಾಕಾ. ಆಫ್ರಿಕಾದವರು. ದಾರಿ ಕೇಳಾಕತ್ತಿದ್ರು."

ಸೆಲಿನ್ ಅವನನ್ನೇ ನೋಡಿದಳು. ಆಮೇಲೆ ತುಟಿಯಂಚಿನಲ್ಲಿ ನಕ್ಕು, "ಥ್ಯಾಂಕ್ಯೂ, ಸರ್" ಎಂದು ನದಿಯ ಕಡೆಗೆ ನಡೆದುಬಿಟ್ಟಳು.

ಆಚೆಯ ದ್ವೀಪಕ್ಕೆ ಹೊರಟಿದ್ದ ಫೆರಿ ಹತ್ತಿ ಕಂಬಿ ಹಿಡಿದು ನಿಂತಳು. ಇನ್ನೇನು ದಡ ಬಿಡಬೇಕು, ವೀರೇಶ ಓಡಿ ಬಂದು ಹಾರಿದ. ಏದುಸಿರು ಬಿಡುತ್ತ ಪಕ್ಕದಲ್ಲಿ ನಿಂತ.

"ಸೆಲಿನ್, ಹೆದರಿಕಿ ಆತು. ಬಾಯಿಗೆ ಬಂದದ್ದು ಅಂದ್ಬಿಟ್ಟೆ."

ಅವಳು ನೀರು ನೋಡುತ್ತಿದ್ದಳು.

"ಯಾರರೆ ಅಂದಿದ್ರ ನಗ್ತಿದ್ದೆ. ಬಸ್ಸಿನಾಗ ದಿನಾ ಅಂತಾರ, ಯಾವ ದೇಶ ಅಂತ. ಹಳಿಯಾಳ ಅಂದ್ರ ನಂಬೂದಿಲ್ಲ." ಅವಳ ದನಿ ಏರಲಿಲ್ಲ. "ಇದ ದಂಡಿ ಮ್ಯಾಲೆ ನಮ್ಮ ಹಿರಿಯಾರನ್ನ ಮಾರಿದ್ರು. ನಿನ್ನ ಹೆಸರೇನು ಅಂತ ಯಾರೂ ಕೇಳಿರಾಕಿಲ್ಲ. ನಿನಗ ನನ್ನ ಹೆಸರು ಗೊತ್ತೈತಿ, ವೀರೇಶ. ಗೊತ್ತಿದ್ದೂ ಹೇಳ್ಲಿಲ್ಲ."

ದ್ವೀಪ ಬಂತು, ಜನ ಇಳಿದರು, ಹೊಸಬರು ಹತ್ತಿದರು. ಇವರಿಬ್ಬರೂ ಇಳಿಯಲೇ ಇಲ್ಲ. ಫೆರಿ ತಿರುಗಿ ಕಮಾನಿನ ಕಡೆಗೆ ಹೊರಟಾಗ ವೀರೇಶ ಎರಡೂ ಕೈಯಿಂದ ಮುಖ ಒರೆಸಿಕೊಂಡ.

"ನಡಿ" ಎಂದ.

"ಎಲ್ಲಿಗೆ?"

"ಬಾ ನೀ."

ಚರ್ಚಿನ ಎದುರಿನ ಮರದ ನೆರಳಲ್ಲಿ ಶಂಕ್ರಪ್ಪನ ಹೆಂಡತಿ ಈರಕ್ಕ ರೊಟ್ಟಿಗಂಟು ಬಿಚ್ಚುತ್ತಿದ್ದಳು. ವೀರೇಶ ಸೆಲಿನ್‌ಳ ಕೈ ಹಿಡಿದೇ ಅವರ ಮುಂದೆ ಹೋಗಿ ನಿಂತ.

"ಕಾಕಾ, ಆವಾಗ ಸುಳ್ಳ ಹೇಳಿದೆ. ಇಕಿ ಸೆಲಿನ್. ನಮ್ಮ ಹಳಿಯಾಳದಾಕಿ. ನಾ ಮದುವಿ ಆಗಾಕಿ."

ಶಂಕ್ರಪ್ಪನ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು. ಈರಕ್ಕ ಕಣ್ಣು ಕಿರಿದು ಮಾಡಿ ನೋಡಿ, "ಅಯ್ಯ! ನಮ್ಮ ದವಾಖಾನಿ ಸಿಸ್ಟರ್ ಅಲ್ಲೇನ್ರಿ ಇಕಿ? ಮೊನ್ನೆ ನನಗ ಸೂಜಿ ಮಾಡಿದಾಕಿ! ಆಫ್ರಿಕಾದಾಕಿ ಅಂದ್ರೆಲ್ಲ ನೀವು?" ಎಂದು ಗಂಡನನ್ನು ತಿವಿದಳು.

ಶಂಕ್ರಪ್ಪ ನಗಲಿಲ್ಲ. "ನಿಮ್ಮವ್ವಗ ಗೊತ್ತೈತೇನು?" ಎಂದ.

"ಇವತ್ತ ಹೇಳ್ತೇನ್ರಿ."

"ಲಗೂನ ಹೇಳು. ನಾ ಹೇಳೂದಿಲ್ಲ. ಆದ್ರ ಇಕಿ ಬಾಯಿ ನನ್ನ ಕೈಯಾಗಿಲ್ಲ" ಎಂದು ಹೆಂಡತಿಯ ಕಡೆ ನೋಡಿದ.

ವಾಪಸ್ ಬರುವಾಗ ಘಟ್ಟದ ಬುಡದ ಮೊಲ್ಲೆಮ್‌ನಲ್ಲಿ ಚಹಾಕ್ಕೆ ನಿಂತರು. ಸೆಲಿನ್ ಗ್ಲಾಸಿನ ಮೇಲಿಂದ ಅವನನ್ನು ನೋಡಿದಳು.

"ಒಂದು ಮಾತು. ಮದುವಿ ಆಗಾಕಿ ಅಂತ ಅವರಿಗೆ ಹೇಳಿದಿ. ನನಗ ಯಾವಾಗ ಕೇಳಿದಿ?"

ವೀರೇಶ ತಬ್ಬಿಬ್ಬಾದ. "ಕೇಳಿಲ್ಲೇನು?"

"ಇಲ್ಲಪಾ. ನಾ ಮರಿಯೂ ಹಂಗ ಇಲ್ಲ ಅದು."

"ಹಂಗಾರ ಈಗ..."

"ಈಗ ಬ್ಯಾಡ. ಮೊದಲ ಅವ್ವಗ ಹೇಳು. ಆಮ್ಯಾಲೆ ಕೇಳು."

ಅವನು ಅವ್ವನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ. ಅವಳು ಬೇಡವೆಂದರೂ ಹಾಕಿದ. ಹೇಳುವುದನ್ನು ಸುತ್ತಿ ಬಳಸದೆ ಹೇಳಿದ: ಸೆಲಿನ್ ಅಂತ ಹೆಸರು, ಸಿದ್ದಿಯರಾಕಿ, ನರ್ಸ್, ಇಕಿನ್ನ ಬಿಟ್ಟು ಬ್ಯಾರೆ ಯಾರನ್ನೂ ಆಗೂದಿಲ್ಲ ಬೇ. ಆ ಕಡೆಯಿಂದ ಫೋನು ಕಟ್ ಆಯಿತು.

ವೀರೇಶ ಕತ್ತಲಾದ ಸ್ಕ್ರೀನನ್ನೇ ನೋಡುತ್ತ ಕೂತ. ಗೆದ್ದೆ ಅನ್ನಿಸಬಹುದೆಂದು ಸೆಲಿನ್ ಎಣಿಸಿದ್ದಳು, ಅನ್ನಿಸಲಿಲ್ಲ. ಮನೆಯಲ್ಲಿ ಒಬ್ಬಳೇ ಕೂತಿರಬಹುದಾದ ಆ ಹೆಂಗಸು ಈಗ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿರಬೇಕು ಎಂದುಕೊಂಡಳು. ಅವನ ಮೊಣಕೈ ಮೇಲೆ ಕೈಯಿಟ್ಟಳು.

"ಈಗ ಕೇಳು" ಎಂದಳು.

"ಇಂಥಾ ಹೊತ್ತಿನಾಗೇನು?"

"ಇಂಥಾ ಹೊತ್ತಿನಾಗನ ಕೇಳಬೇಕು."

ಅವನು ಕೇಳಿದ. ಅವಳು ಹೂಂ ಎಂದಳು. ಇಬ್ಬರಿಗೂ ಏಕೋ ಅಳು ಬಂತು, ನಗುವೂ ಬಂತು. ಚಹಾ ಆರಿಹೋಗಿತ್ತು.

ಘಟ್ಟ ಹತ್ತಿ, ಗಡಿ ದಾಟಿ ರಾಮನಗರಕ್ಕೆ ಬಂದಾಗ ಇನ್ನೂ ಬಿಸಿಲಿತ್ತು. ಫೋನು ರಿಂಗಾಯಿತು. ವೀರೇಶ ಬೈಕ್ ಬದಿಗೆ ನಿಲ್ಲಿಸಿ ಸ್ಪೀಕರ್ ಒತ್ತಿದ.

"ಯಾವಾಗ ಬರ್ತೀರಿ?" ಗುರುಸಿದ್ದವ್ವನ ದನಿ ಬಿರುಸಾಗಿಯೇ ಇತ್ತು. ಉತ್ತರಕ್ಕೆ ಕಾಯದೆ ಇಟ್ಟುಬಿಟ್ಟಳು.

"ಸಿಟ್ಟ ಇಳದಿಲ್ಲ" ಎಂದ ವೀರೇಶ.

ಗಡಿ ಬಂತೆಂದು ಮತ್ತೆ ಮುಖಕ್ಕೆ ಸುತ್ತಿಕೊಂಡಿದ್ದ ಓಢಣಿಯನ್ನು ಸೆಲಿನ್ ಬಿಚ್ಚಿ ಹೆಗಲಿಗೆ ಹಾಕಿಕೊಂಡಳು. "ನಿಮ್ಮವ್ವ ನಿನಗ ದಿನಾ ಏನಂತಾರ? ಬರ್ತಿ ಅಂತಾರೋ, ಬರ್ತೀರಿ ಅಂತಾರೋ?"

ಅವನು ಕನ್ನಡಿಯಲ್ಲಿ ಅವಳ ಮುಖ ನೋಡುತ್ತ ಕೂತ. "ಬರ್ತಿ ಅಂತಾಳ" ಎಂದವನಿಗೆ ಅವ್ವ ಇಬ್ಬರನ್ನೂ ಕರೆದಿದ್ದಾಳೆಂದು ಆಗ ಹೊಳೆದು, ಬೈಕ್ ಚಾಲೂ ಮಾಡಿದ.